ಮೋಟಾರಿನ ಜೋಲಿ ಅಳೆಯಲು ಹೋದದ್ದು

ಬೆಳಗಾವಿಯಿಂದ ಮುಂಜಾನೆಯ ರೈಲಿಗೆ ಹೊರಟಾಗ ನನ್ನ ತೊಡೆಯ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಇತ್ತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಅದನ್ನು ಕೆಳಗಿಡಲು ನನಗೆ ಧೈರ್ಯವಾಗಲಿಲ್ಲ. ಎದುರಿಗೆ ಕುಳಿತಿದ್ದ ಮುದುಕರೊಬ್ಬರು ಸುಳೇಭಾವಿ ದಾಟುವವರೆಗೆ ಸುಮ್ಮನೆ ನೋಡಿದರು. ಆಮೇಲೆ ತಡೆಯಲಾಗದೆ ಕೇಳಿದರು.

"ಬಾಜಾಪೇಟಿ ಏನ್ರಿ? ಭಜನಿಗೆ ಹೊಂಟೀರೇನು?"

"ಬಾಜಾಪೇಟಿ ಅಲ್ರಿ. ಒಳಗ ಗಾಜಿನ ಕೊಳವಿ ಅದಾವು. ಗೋಕಾಕದಾಗ ಒಂದು ಮೋಟಾರ್ ಅಳಿಯಾಕ ಹೊಂಟೇನಿ."

"ಮೋಟಾರ್ ಅಳಿಯಾಕ ಒಂದು ಹಗ್ಗ ಸಾಕಾಗತಿತ್ತಲ್ರಿ," ಎಂದು ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ನಮ್ಮ ನೆರೆಮನೆಯ ವಕೀಲರ ಅಣ್ಣ ಶಿವಲಿಂಗಪ್ಪ ಸಾವಕಾರರು ಗೋಕಾಕದಲ್ಲಿ ಬಾಡಿಗೆ ಮೋಟಾರು ಓಡಿಸುವವರು. ಬಟ್ಟೆಯ ಟಪ್ಪಿನ ಏಳು ಸೀಟಿನ ಕಾರುಗಳು ಅವರ ಹತ್ತಿರ ಎರಡು ಇದ್ದವು. ಒಂದು ಮೂಡಲಗಿಗೆ, ಇನ್ನೊಂದು ಹುಕ್ಕೇರಿಗೆ. ಎರಡು ತಿಂಗಳ ಹಿಂದೆ ಹುಕ್ಕೇರಿಯ ಕಾರಿನಲ್ಲಿ ಒಬ್ಬ ವೃದ್ಧೆ ಸೀಟಿನಿಂದ ಮುಂದಕ್ಕೆ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಡ್ರೈವರನು ತಿರುವಿನಲ್ಲಿ ಜೋರಾಗಿ ಹೊಡೆದನೆಂದು ಆಕೆಯ ಮಗ ಹೇಳಿದ. ಹಾಗೆ ಹೊಡೆದಿಲ್ಲವೆಂದು ಡ್ರೈವರ ಕುರಾನಿನ ಆಣೆ ಇಟ್ಟ. ಸಾವಕಾರರಿಗೆ ಇಬ್ಬರನ್ನೂ ಬಿಡುವಂತಿರಲಿಲ್ಲ. ಡ್ರೈವರನನ್ನು ಕಾರಿನಿಂದ ಇಳಿಸಿ ಉಗ್ರಾಣದಲ್ಲಿ ಚೀಲ ಎಣಿಸಲು ಕೂಡಿಸಿದ್ದರು. ಓಡುವ ಬಂಡಿಯ ಜೋಲಿಯನ್ನು ನೀರಿನ ಕೊಳವೆಯಿಂದ ಅಳೆಯಬಹುದೆಂದು ನಾನು ಮಕ್ಕಳಿಗೆ ತೋರಿಸುತ್ತಿದ್ದ ಸಂಗತಿ ಅವರ ತಮ್ಮನ ಮೂಲಕ ಅವರ ಕಿವಿಗೆ ಬಿತ್ತು. ಡಿಸೆಂಬರಿನ ನಾತಾಳದ ರಜೆಗೆ ಬಂದು ಹೋಗಬೇಕೆಂದು ಪತ್ರ ಬರೆದರು. "ನೀರು ಯಾರ ಪಕ್ಷವನ್ನೂ ಹಿಡಿಯುವುದಿಲ್ಲವಷ್ಟೆ?" ಎಂಬುದು ಪತ್ರದ ಕೊನೆಯ ಸಾಲು.

ರೈಲು ಗೋಕಾಕ ರೋಡ ನಿಲ್ದಾಣಕ್ಕೆ ಅರ್ಧ ತಾಸು ತಡವಾಗಿ ಬಂತು. ಹೊರಗೆ ಕಾರಿನ ಹತ್ತಿರ ನಿಂತಿದ್ದವನು ಅದೇ ಡ್ರೈವರ, ಇಮಾಮಸಾಬ. ನಾಲ್ವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ, ಖಾಕಿ ಕೋಟು, ಎಣ್ಣೆ ಹಚ್ಚಿ ಬಾಚಿದ ಕೂದಲು. ನನ್ನನ್ನು ಕರೆತರುವುದಕ್ಕಾಗಿ ಆ ದಿನ ಅವನಿಗೆ ಕಾರು ಕೊಟ್ಟಿದ್ದರು. ಪೆಟ್ಟಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡು, "ಇದರಾಗ ನನ್ನ ನಸೀಬ ಐತೇನ್ರಿ?" ಎಂದ. ನಗುತ್ತಲೇ ಕೇಳಿದ. ಗೋಕಾಕದವರೆಗೆ ಏಳೆಂಟು ಮೈಲು. ಗಾಡಿ ಹೊಡೆಯುವ ಕೈ ಹದವಾಗಿತ್ತು.

ಸಂಜೆ ಸಾವಕಾರರ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಕರದಂಟಿನ ತಾಟು ಒಂದು ಬದಿಗೆ, ನನ್ನ ಕೊಳವೆಗಳು ಒಂದು ಬದಿಗೆ. ಹತ್ತು ಇಂಚಿನ ಅಂತರದಲ್ಲಿ ಎರಡು ಕಾಲು ಮೇಲೆದ್ದ ಗಾಜಿನ ಕೊಳವೆ, ಅದರಲ್ಲಿ ಕೆಂಪು ಶಾಯಿ ಬೆರೆಸಿದ ನೀರು. ಅಂಥವು ಎರಡು. ಒಂದನ್ನು ಕಾರಿನ ಉದ್ದಕ್ಕೆ ಕಟ್ಟಬೇಕು, ಇನ್ನೊಂದನ್ನು ಅಡ್ಡಕ್ಕೆ. ಬ್ರೇಕು ಹಾಕಿದರೆ ನೀರು ಮುಂದಿನ ಕಾಲಿನಲ್ಲಿ ಏರುತ್ತದೆ, ವೇಗ ಹೆಚ್ಚಿಸಿದರೆ ಹಿಂದಿನದರಲ್ಲಿ. ತಿರುವಿನಲ್ಲಿ ಅಡ್ಡ ಕೊಳವೆಯ ನೀರು ಹೊರಗಿನ ಕಾಲಿಗೆ ಏರುತ್ತದೆ. ಎರಡು ಕಾಲುಗಳ ನೀರಿಗೆ ಒಂದು ಇಂಚಿನ ವ್ಯತ್ಯಾಸ ಬಂತೆಂದರೆ, ಭೂಮಿ ನಮ್ಮನ್ನು ಕೆಳಗೆ ಎಳೆಯುವ ಬಲದ ಹತ್ತನೆಯ ಒಂದು ಪಾಲಿನಷ್ಟು ಬಲ ಕುಳಿತವರನ್ನು ನೂಕುತ್ತಿದೆ ಎಂದು ಅರ್ಥ.

"ಎಷ್ಟು ಇಂಚಿಗೆ ಮನಷ್ಯಾ ಬೀಳತಾನ್ರಿ?" ಎಂದು ಸಾವಕಾರರು ಕೇಳಿದರು.

"ಹಿಡಕೊಂಡು ಕುಂತಾಂವ ಎರಡು ಮೂರು ಇಂಚಿಗೆ ಬೀಳಂಗಿಲ್ರಿ. ಹಿಡಕೊಳ್ಳದ ಕುಂತ ಮುದುಕರು ನಾಕು ಐದಕ್ಕ ಬೀಳತಾರ."

"ಹಂಗಾರ ಎರಡು ದಿನ ಇಂವನ ಕಡಿಂದನ ಹೊಡಸ್ರಿ. ನಿಮ್ಮ ನೀರು ಏನಂತೈತಿ ಅದ ನನ್ನ ಮಾತು. ಇಂವ ಚಲೋ ಮನಷ್ಯಾ ಅದಾನ, ಆದ್ರ ಚಲೋತನದ ಮ್ಯಾಲ ಮಂದೀನ ಕುಂಡ್ರಸಾಕ ಬರಂಗಿಲ್ಲ."

ಇಮಾಮಸಾಬ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳಿದ.

ಎರಡನೆಯ ದಿನ ಮೂಡಲಗಿಗೆ ಹೊರಟೆವು. ಕೊಳವೆಗಳನ್ನು ಕಟ್ಟಿದ ಹಲಗೆಯನ್ನು ಮುಂದಿನ ಸೀಟಿನ ಬೆನ್ನಿಗೆ ಹಗ್ಗದಿಂದ ಬಿಗಿದು ನಾನು ಹಿಂದೆ ಅಂಕಿ ಬರೆಯುವ ವಹಿ ಹಿಡಿದು ಕುಳಿತೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಘಟಪ್ರಭಾ ಹೊಳೆ ದಾಟುವಾಗ ನೀರಿನ ಮೇಲಿನ ಮಂಜು ಕಾರಿನೊಳಗೂ ಬಂತು. ಅರಭಾವಿಯ ಕಡೆ ಗಾಣಗಳು ಶುರುವಾಗಿದ್ದವು. ಬೆಲ್ಲ ಕುದಿಯುವ ವಾಸನೆ ಮೈಲುಗಟ್ಟಲೆ ನಮ್ಮ ಜೊತೆಗೇ ಬರುತ್ತಿತ್ತು. ರಸ್ತೆ ಖಡಿಯದು, ಮೇಲೆ ಕೆಂಪು ಧೂಳು. ವೇಗದ ಮುಳ್ಳು ಇಪ್ಪತ್ತೈದು ಮೈಲು ದಾಟಲಿಲ್ಲ.

ಇಮಾಮಸಾಬ ಪ್ರತಿ ತಿರುವಿಗೂ ಮುಂಚೆ ಅದರ ಹೆಸರು ಹೇಳುತ್ತಿದ್ದ. "ಇದು ಜೋಡ ಹುಣಸಿ ತಿರುವು ನೋಡ್ರಿ. ಮುಂದಿಂದು ಹಾಳಬಾವಿ ತಿರುವು. ಅಲ್ಲಿ ಎಡಕ್ಕ ಒಂದು ಕುಣಿ ಐತಿ." ಹೇಳಿದಂತೆಯೇ ಎಡಕ್ಕೆ ಕುಣಿ ಬಂತು, ಅದನ್ನು ತಪ್ಪಿಸಿದ. ಮೂಡಲಗಿಯವರೆಗೆ ಹನ್ನೊಂದು ತಿರುವು ಬರೆದುಕೊಂಡೆ. ಯಾವುದರಲ್ಲಿಯೂ ನೀರು ಒಂದೂವರೆ ಇಂಚು ದಾಟಲಿಲ್ಲ. ಅಷ್ಟು ಮೃದುವಾದ ಅಂಕಿಗಳನ್ನು ನಾನು ನಿರೀಕ್ಷಿಸಿರಲಿಲ್ಲ. ನಿಂತಲ್ಲಿಂದ ಹೊರಡುವಾಗಲೂ ಹಾಗೆಯೇ, ಒಂದು ಇಂಚು.

ಆದರೆ ಆ ದಿನ ಮೂರು ಸಲ ಉದ್ದದ ಕೊಳವೆಯ ನೀರು ಐದು ಇಂಚಿಗೆ ಹಾರಿತು. ಮೊದಲ ಸಲ ಆಡಿನ ಹಿಂಡು. ಕಾರು ಕೀರಲು ದನಿ ಮಾಡಿ ನಿಂತಿತು, ನನ್ನ ಪೆನ್ಸಿಲು ಮುಂದಿನ ಸೀಟಿಗೆ ಹೋಗಿ ಬಿತ್ತು. ಎರಡನೆಯದು ಕಬ್ಬು ತುಂಬಿ ನಿಂತ ಚಕ್ಕಡಿ. ಮೂರನೆಯದು, ತಲೆಯ ಮೇಲೆ ಜೋಳದ ಕಣಕಿಯ ಹೊರೆ ಹೊತ್ತು ರಸ್ತೆ ದಾಟುತ್ತಿದ್ದ ಒಬ್ಬ ಹೆಣ್ಣುಮಗಳು. ಪ್ರತಿ ಸಲವೂ ಇಮಾಮಸಾಬ, "ಒಮ್ಮೆಲೇ ಬಂತ್ರಿ," ಎಂದ. ನಾನು ನೀರನ್ನು ನೋಡುತ್ತಿದ್ದೆನೇ ಹೊರತು ರಸ್ತೆಯನ್ನಲ್ಲ. "ಅಡ್ಡ ಬಂದದ್ದು" ಎಂದು ಮೂರು ಸಲವೂ ಬರೆದುಕೊಂಡೆ.

ಮೂಡಲಗಿಯ ಸಂತೆಪೇಟೆಯಲ್ಲಿ ಖಾನಾವಳಿ ಊಟಕ್ಕೆ ಮೂರಾಣೆ. ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಮೊಸರು. ಇಮಾಮಸಾಬ ಬುತ್ತಿ ತಂದಿದ್ದ. ಕಾರಿನ ನೆರಳಿನಲ್ಲಿ ಕುಳಿತು ಉಂಡ. ತಿರುಗಿ ಬರುವಾಗ, "ಹೆಂಗೈತ್ರಿ ನಿಮ್ಮ ನೀರು?" ಎಂದು ಕೇಳಿದ. ತಿರುವುಗಳಲ್ಲಿ ಕಾರು ಒಂಚೂರೂ ಜೋಲಿ ಹೊಡೆಯುವುದಿಲ್ಲ ಎಂದೆ. ಅವನ ಮುಖ ಅರಳಿತು. "ಹದಿನಾಕು ವರ್ಷ ಆತ್ರಿ. ಎರಡೂ ಹಾದಿ ನನ್ನ ಅಂಗೈ ಇದ್ದಂಗ."

ಮೂರನೆಯ ದಿನ ಹುಕ್ಕೇರಿಗೆ. ಇದು ಉದ್ದದ ಹಾದಿ, ಇಪ್ಪತ್ತೈದು ಮೈಲಿನಷ್ಟು. ಗೋಕಾಕ ಫಾಲ್ಸಿನ ಏರಿನಲ್ಲಿ ಒಂದು ತೊಡಕಿತ್ತು. ಕಾರು ನಿಂತಿದ್ದರೂ ಏರಿನಲ್ಲಿ ನೀರು ತಾನಾಗಿಯೇ ಹಿಂದಿನ ಕಾಲಿಗೆ ಸರಿದಿರುತ್ತದೆ. ಹಾಗಾಗಿ ನಡುವೆ ನಿಲ್ಲಿಸಿ, ಏರು ಎಷ್ಟು ಇಂಚು ಎಂದು ಮೊದಲು ಅಳೆದು, ಅದನ್ನು ಕಳೆದು ಉಳಿದದ್ದನ್ನು ಬರೆಯಬೇಕಾಯಿತು. ಚಳಿಗಾಲದ ಧಬಧಬೆ ತೆಳ್ಳಗೆ ಬೀಳುತ್ತಿತ್ತು. ಗಿರಣಿಯ ಮಂದಿ ಕೆಲವರು ಸುತ್ತ ನೆರೆದು ಕೊಳವೆಯನ್ನು ನೋಡಿ, ಕಾರಿಗೆ ಜ್ವರ ಬಂದಿದೆಯೇ ಎಂದು ಕೇಳಿದರು.

ವೃದ್ಧೆ ಬಿದ್ದ ಆ ತಿರುವು ಹುಕ್ಕೇರಿಗೆ ಎರಡು ಮೈಲು ಈಚೆಗೆ ಇತ್ತು. ಎಡಕ್ಕೆ ಬಳುಕಿ ಹೋಗುವ ಸಾಧಾರಣ ತಿರುವು. ಎರಡೂ ಬದಿಗೆ ಬೋಳು ಹೊಲ. ಹದಿನೈದು, ಇಪ್ಪತ್ತು, ಇಪ್ಪತ್ತೈದು ಮೈಲಿನ ವೇಗದಲ್ಲಿ ಮೂರು ಸಲ ಅದನ್ನು ಸುತ್ತಿಸಿದೆ. ಇಪ್ಪತ್ತೈದರಲ್ಲಿ ಕೂಡ ನೀರು ಎರಡೂವರೆ ಇಂಚು ಮಾತ್ರ ಏರಿತು. ಈ ತಿರುವಿನಲ್ಲಿ ವೇಗದಿಂದ ಯಾರೂ ಬೀಳಲಾರರು ಎಂದು ನನಗೆ ಖಾತ್ರಿಯಾಯಿತು. ಹಾಗಾದರೆ ಆಕೆ ಬಿದ್ದದ್ದು ಹೇಗೆ? ಅದನ್ನು ಆಕೆಯನ್ನೇ ಕೇಳುವುದು ನೆಟ್ಟಗೆಂದು ಊರೊಳಗೆ ಹೋದೆವು.

ಆಕೆಯ ಮಗ ಜಿನ್ನಪ್ಪನವರದು ಅರಿವೆ ಅಂಗಡಿ, ಮನೆ ಅದರ ಹಿಂದೆಯೇ. ಗಿರಾಕಿಗಳ ಜೊತೆ ಮರಾಠಿಯಲ್ಲಿ ಮಾತನಾಡುತ್ತಿದ್ದವರು ನಮ್ಮನ್ನು ಕಂಡು ಎದ್ದು ಬಂದರು. ಇಮಾಮಸಾಬನನ್ನು ನೋಡಿ ಮೋರೆ ಬಿಗಿದರು. ಅವನು ಹೊರಗೆ ಕಾರಿನ ಹತ್ತಿರವೇ ಉಳಿದ. ಒಳಗೆ ತಾಯಿ ಪದ್ಮಾವತಿಬಾಯಿ ಎಡಗೈಯಿಂದ ಹೆಸರುಕಾಳು ಆರಿಸುತ್ತ ಕುಳಿತಿದ್ದರು. ಬಲಗೈ ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ಸ್ವಲ್ಪ ಸೊಟ್ಟಗೆ.

"ಏನಾತಂತ ನೀವ ಹೇಳ್ರಿ ಬಾಯಾರ," ಎಂದೆ.

"ಏನಾಗೂದೈತಿ? ತಿರುವಿನ ಆಚೆ ಒಂದು ಚಕ್ಕಡಿ ಅಡ್ಡ ನಿಂತಿತ್ತು. ಹೊಲ ಬೋಳ ಇತ್ತಲ್ಲ, ನನಗ ದೂರಿಂದನ ಕಂಡಿತ್ತು. ಇಂವ ಸಾವಕಾಶನ ಹೊಂಟಿದ್ದ. ಆದ್ರ ಹೊಂಟ ಬಿಟ್ಟಿದ್ದ. ನಿಲ್ಲಸತಾನ, ನಿಲ್ಲಸತಾನ ಅಂತ ನೋಡಿದೆ. ಕಡೀಕ 'ತಮ್ಮಾ, ಚಕ್ಕಡಿ!' ಅಂತ ನಾ ಒದರಿದೆ. ಆಮ್ಯಾಲ ಬ್ರೇಕ್ ಹಾಕಿದ. ನಾ ಮುಂದ ಹೋಗಿ ಕಬ್ಬಿಣಕ್ಕ ಬಿದ್ದೆ."

ಜಿನ್ನಪ್ಪ ದಂಗಾಗಿ ನಿಂತರು. "ಅವ್ವಾ, ಈ ಮಾತ ಎಂದೂ ಹೇಳಿಲ್ಲಲ್ಲ ನೀ?"

"ನೀ ಎಂದ ಕೇಳಿದಿ? ಕೈ ಮುರದದ್ದು ನನ್ನದು, ಕತಿ ಹೇಳಿದಾಂವ ನೀ."

ಚಹಾ ಬಂತು, ಕುಡಿದೆ. ವಹಿ ತೆಗೆದು ಮೂಡಲಗಿಯ ಮೂರು ಐದಿಂಚುಗಳನ್ನು ಮತ್ತೆ ನೋಡಿದೆ. ಆಡಿನ ಹಿಂಡು ಹಾರಿ ಬರಬಹುದು. ತಲೆಯ ಮೇಲೆ ಹೊರೆ ಹೊತ್ತವಳು ಹಾರಿ ಬರಲಾರಳು. ಕಬ್ಬಿನ ಚಕ್ಕಡಿಯಂತೂ ನಿಂತೇ ಇತ್ತು.

ಹಿಂತಿರುಗುವಾಗ ನಾನು ಮುಂದಿನ ಸೀಟಿನಲ್ಲಿ ಕುಳಿತೆ. ಊರು ಬಿಟ್ಟು ಎರಡು ಮೈಲಿಗೆ ಕಾರು ನಿಲ್ಲಿಸಲು ಹೇಳಿದೆ. ಐವತ್ತು ಹೆಜ್ಜೆ ಮುಂದೆ ಮೈಲುಗಲ್ಲು ಇತ್ತು.

"ಇಮಾಮಸಾಬ್ರ, ಆ ಕಲ್ಲಿನ ಮ್ಯಾಲ ಎಷ್ಟು ಬರದಾರ?"

"ಇಪ್ಪತ್ತಮೂರು," ಎಂದ ಥಟ್ಟನೆ. ಇಪ್ಪತ್ತಮೂರೇ ಇತ್ತು.

"ಕಲ್ಲಿನ ಬಾಜೂಕ ಕುಂತಾಂವ ಏನ್ ಮಾಡಾಕತ್ತಾನ?"

ಇಮಾಮಸಾಬ ಸ್ಟೇರಿಂಗಿನ ಮೇಲೆ ಮುಂದಕ್ಕೆ ಬಾಗಿದ. ಕಣ್ಣು ಕಿರಿದು ಮಾಡಿದ. ಕೆಂಪು ರುಮಾಲಿನ ರೈತನೊಬ್ಬ ಕಲ್ಲಿಗೆ ಒರಗಿ ಚುಟ್ಟಾ ಸೇದುತ್ತಿದ್ದ.

"ಬಾಜೂಕ ಯಾರರ ಕುಂತಾರೇನ್ರಿ?" ಎಂದ ಮೆಲ್ಲಗೆ.

ಅವನು ಇಂಜಿನ್ನು ಬಂದ್ ಮಾಡಿದ. ಹೊಲದಲ್ಲಿ ಎಲ್ಲಿಯೋ ಹಕ್ಕಿ ಓಡಿಸುವವರ ಕೂಗು ಕೇಳುತ್ತಿತ್ತು.

"ಎರಡು ವರ್ಷ ಆತ್ರಿ," ಎಂದ. "ಮೊದಲ ಸಂಜೀ ಮುಂದ ಅಷ್ಟ ಮಬ್ಬ ಆಗತಿತ್ತು. ಈಗ ಹಗಲೀನೂ ಹಂಗ. ಹಾದಿ ಗೊತ್ತೈತಿ, ಹಾದಿಗೆ ಕಣ್ಣ ಬೇಕಾಗಿಲ್ಲ. ಹಾದಿ ಮ್ಯಾಲ ಬಂದದ್ದು ಗೊತ್ತಾಗಂಗಿಲ್ಲ."

"ಕಣ್ಣಿಗೆ ಚಾಳೀಸ ಮಾಡಿಸಿಕೋಬೇಕಿತ್ತು."

"ಚಾಳೀಸ ಹಾಕ್ಕೊಂಡ ಡ್ರೈವರನ ಗಾಡಿ ಯಾರ ಹತ್ತತಾರ್ರಿ? ಪೊಲೀಸ್ರು ಲೈಸನ್ಸ ಕಸಗೊಂಡ್ರ ಮನ್ಯಾಗ ಆರು ಮಂದಿ ಏನ ತಿನ್ನಬೇಕು?" ಆಮೇಲೆ ಹೇಳಿದ: "ನಾ ಸುಳ್ಳ ಆಣಿ ಮಾಡಿಲ್ರಿ. ತಿರುವಿನಾಗ ಜೋರ ಹೊಡದಿಲ್ಲಂದೆ. ಅದು ಖರೇನ ಐತಿ."

"ಕೇಳಿದ್ದಕ್ಕ ಖರೆ ಹೇಳೀರಿ. ಕೇಳದ್ದು ಉಳೀತು."

ನಾನು ಗೋಕಾಕಕ್ಕೆ ಹೋಗಿ ಸಾವಕಾರರಿಗೆ ಏನು ಹೇಳಬೇಕೆಂಬ ಯೋಚನೆಯಲ್ಲಿದ್ದೆ. ಅವನು ಕಾರು ಶುರು ಮಾಡಿ, ರಸ್ತೆಯ ಅಗಲದಲ್ಲಿ ಹಿಂದೆ ಮುಂದೆ ಆಡಿಸಿ, ಹುಕ್ಕೇರಿಯ ಕಡೆಗೇ ತಿರುಗಿಸಿದ.

"ಎಲ್ಲಿಗೆ?" ಎಂದೆ.

"ಮೊದಲ ಆ ಬಾಯಾರಿಗೆ ಹೇಳತೇನ್ರಿ. ಸಾವಕಾರ್ರಿಗೆ ಆಮ್ಯಾಲ."

ಈ ಸಲ ಅವನು ಕಾಲ್ಮರಿ ಕಳಚಿ ಒಳಗೆ ಬಂದ. ಕಂಬದ ಹತ್ತಿರ ಕೈಕಟ್ಟಿ ನಿಂತು, ನನಗೆ ಹೇಳಿದ್ದನ್ನೇ ಹೇಳಿದ. ಜಿನ್ನಪ್ಪನವರ ದನಿ ಅಂಗಡಿಯವರೆಗೆ ಕೇಳುವಷ್ಟು ಏರಿತು. ಕುರುಡನ ಕೈಯಲ್ಲಿ ಊರ ಮಂದಿಯ ಜೀವ ಕೊಟ್ಟಿದ್ದರೆಂದು ಸಾವಕಾರರನ್ನೂ ಬೈದರು. ತಾಯಿ ಮಗನನ್ನು ತಡೆಯಲಿಲ್ಲ. ಮಗ ಬೈದು ಮುಗಿಸಿದ ಮೇಲೆ ಇಮಾಮಸಾಬನ ಕಡೆ ತಿರುಗಿ ಹೇಳಿದರು:

"ತಮ್ಮಾ, ನನಗ ದೂರಿಂದ ಚಲೋ ಕಾಣತೈತಿ, ಹತ್ತಿರದ್ದು ಕಾಣಂಗಿಲ್ಲ. ಅದು ತಿಳದ ದಿನ ಸೂಜಿ ಕೆಳಗ ಇಟ್ಟೆ. ನೀ ಗಾಡಿ ಇಡಲಿಲ್ಲ."

"ಹೌದ್ರಿ ಬಾಯಾರ. ಇಡಲಿಲ್ಲ."

"ಡಾಕ್ಟರ ಕಡೆ ಹೋಗು. ಅಲ್ಲೀತನ ಯಾರನ್ನೂ ಕುಂಡ್ರಿಸಿಕೋಬ್ಯಾಡ."

ಇಷ್ಟೇ ಮಾತು. ಕ್ಷಮಿಸಿದೆನೆಂದೂ ಆಕೆ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮತ್ತೆ ಹೆಸರುಕಾಳಿನ ಮೊರ ಎಳೆದುಕೊಂಡರು.

ಗೋಕಾಕಕ್ಕೆ ಕಾರು ಒಯ್ಯಲೇಬೇಕಿತ್ತು. ನನಗೆ ಹೊಡೆಯಲು ಬರುವುದಿಲ್ಲ. ಮುಂದೆ ಕುಳಿತು ಕಂಡದ್ದನ್ನೆಲ್ಲ ನಾನು ಕೂಗಿ ಹೇಳುವುದು, ಹದಿನೈದು ಮೈಲಿನ ವೇಗ ಮೀರದಂತೆ ಅವನು ಹೊಡೆಯುವುದು ಎಂದು ಒಪ್ಪಿಕೊಂಡೆವು. "ಎಡಕ್ಕ ಚಕ್ಕಡಿ, ನೂರು ಹೆಜ್ಜಿ." "ನಡಬರಕ ಎರಡು ಎಮ್ಮಿ." "ಸೈಕಲ್ ಬರಾಕತ್ತೈತಿ." ಕೂಗಿ ಕೂಗಿ ಗಂಟಲು ಒಣಗಿತು. ನಡುನಡುವೆ ಹಿಂದಕ್ಕೆ ತಿರುಗಿ ಕೊಳವೆ ನೋಡಿ ಬರೆದುಕೊಂಡೆ. ಎಮ್ಮೆಗಳಿಗೆ ನಿಲ್ಲಿಸಿದಾಗ ಒಂದೂಕಾಲು ಇಂಚು. ಹಳ್ಳದ ಇಳಿಜಾರಿನಲ್ಲಿ ಕುರಿಹಿಂಡಿಗೆ, ಇಳಿಜಾರು ಕಳೆದು, ಒಂದೂವರೆ. ಇಪ್ಪತ್ತೈದು ಮೈಲು ಹಾದಿಯಲ್ಲಿ ಒಮ್ಮೆಯೂ ಎರಡು ಮುಟ್ಟಲಿಲ್ಲ. ವೇಗ ಕಡಿಮೆ ಇತ್ತು ನಿಜ, ಆದರೂ ಇಷ್ಟು ಹದವಾಗಿ ಕಾಲು ಆಡಿಸುವ ಡ್ರೈವರನನ್ನು ನಾನು ಬೆಳಗಾವಿಯಲ್ಲಿಯೂ ನೋಡಿರಲಿಲ್ಲ. ಒಂದು ಸಲ ಮಾತ್ರ ಹಾದಿ ಹೊರಳಿ ಸೂರ್ಯ ಎದುರಿಗೆ ಬಂದು ನನಗೂ ಏನೂ ಕಾಣದೆ ಸುಮ್ಮನಾದೆ. ಅವನು ಒಡನೆ ಕಾರು ನಿಲ್ಲಿಸಿದ. "ನೀವು ಸುಮ್ಮನಾದ್ರಿ," ಎಂದ. ಅವನ ಕೊರಳು ಬೆವತಿತ್ತು.

ಸಾವಕಾರರಿಗೆ ಅವನೇ ಹೇಳಿದ. ನಾನು ವಹಿಯನ್ನು ಮುಂದಿಟ್ಟೆ. ತಿರುವಿನ ಅಂಕಿ, ಐದಿಂಚಿನ ಮೂರು ಅಂಕಿ, ನಾನು ಕೂಗುತ್ತ ಬಂದ ಹಾದಿಯ ಅಂಕಿ. ಸಾವಕಾರರು ಓದಲಿಲ್ಲ. ಎದ್ದು ಹೋಗಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದರು.

"ಎರಡು ವರ್ಷ," ಎಂದರು. "ಮನ್ನೆ ದಸರಾಕ್ಕ ನನ್ನ ಮಗಳು, ಮೊಮ್ಮಕ್ಕಳು ನಿನ್ನ ಗಾಡ್ಯಾಗ ಬಂದ್ರಲ್ಲೋ ಇಮಾಮ."

ಇಮಾಮಸಾಬ ತಲೆ ತಗ್ಗಿಸಿದ. ಅವತ್ತು ರಾತ್ರಿ ಉಂಡು ಸಾವಕಾರರು ಕೈ ತೊಳೆಯಲು ಎದ್ದಾಗ ನನಗೆ ಕೇಳುವಂತೆ ಅಂದರು: "ಬೆಳಗಾಂವದಾಗ ಕಣ್ಣಿನ ಡಾಕ್ಟರ ಯಾರರ ಚಲೋ ಅದಾರೇನ್ರಿ? ಕರಕೊಂಡ ಹೋಗ್ರಿ. ಚಾಳೀಸ ಬಂದ ಮ್ಯಾಲ ಮತ್ತೊಮ್ಮಿ ಅಳೀರಿ. ಆಗ ನೋಡೂನು."

ನಾಲ್ಕನೆಯ ದಿನ ಇಬ್ಬರೂ ರೈಲಿನಲ್ಲಿ ಬೆಳಗಾವಿಗೆ ಬಂದೆವು. ಅವನು ಕಿಟಕಿಯ ಹತ್ತಿರ ಕುಳಿತಿದ್ದ, ಆದರೆ ಹೊರಗೆ ನೋಡಲಿಲ್ಲ. ಬೆಳಗಾವಿಯಲ್ಲಿ ಅವನ ಸೋದರಮಾವನ ಮನೆ ಇತ್ತು, ಅಲ್ಲಿ ಉಳಿದ. ಮರುದಿನ ಡಾಕ್ಟರರು ಗೋಡೆಯ ಅಕ್ಷರ ಓದಿಸಿ, ಗಾಜು ಬದಲಿಸಿ ಬದಲಿಸಿ ನೋಡಿ, ಹೆದರುವಂಥದು ಏನೂ ಇಲ್ಲ, ದೂರದೃಷ್ಟಿ ಮಂದವಾಗಿದೆ ಅಷ್ಟೇ ಎಂದರು. ಗಾಜು ಮುಂಬಯಿಯಿಂದ ಬರಬೇಕಿತ್ತು. ಎಂಟು ದಿನ ಹಿಡಿಯಿತು.

ಕನ್ನಡಕ ಬಂದ ದಿನ ಶಾಲೆ ಬಿಟ್ಟ ಮೇಲೆ ನಾನೂ ಹೋದೆ. ಹಿತ್ತಾಳೆಯ ಚೌಕಟ್ಟು, ದುಂಡು ಗಾಜು. ಡಾಕ್ಟರರು ಕಿವಿಗೆ ಸಿಕ್ಕಿಸಿ ಕೈ ಬಿಟ್ಟರು. ಇಮಾಮಸಾಬ ಅವರಿಗೆ ಸಲಾಮು ಮಾಡಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಅದು ಉದ್ದನೆಯ ನೇರ ಬೀದಿ. ಸಂಜೆಯ ಮಂದಿ ಓಡಾಡುತ್ತಿದ್ದರು. ಟಾಂಗಾ, ಕೈಗಾಡಿ, ಶಾಲೆಯಿಂದ ಮನೆಗೆ ಹೋಗುವ ಮಕ್ಕಳು. ಅವನು ಸಂತೋಷಪಟ್ಟಾನೆಂದು ನಾನು ಅಂದುಕೊಂಡಿದ್ದೆ. ಅವನು ಬೀದಿಯ ತುದಿಯವರೆಗೆ ನೋಡಿದ, ಮತ್ತೆ ಹತ್ತಿರದಿಂದ ಶುರುಮಾಡಿ ತುದಿಯವರೆಗೆ ನೋಡಿದ. ಆಮೇಲೆ ಮೆಟ್ಟಿಲ ಮೇಲೆಯೇ ಕುಳಿತ.

"ಇಷ್ಟ ಮಂದಿ ಇರತಾರೇನ್ರಿ ಹಾದ್ಯಾಗ?" ಎಂದ. "ಎರಡು ವರ್ಷ ನಾ ಯಾರ್ಯಾರ ಬಾಜೂಕ ಹಾದು ಹೋಗೇನೋ ಏನೋ."

ಅವನು ಏಳುವವರೆಗೆ ನಿಂತುಕೊಂಡೆ.

ಮರುದಿನ ಅವನನ್ನು ರೈಲಿಗೆ ಹತ್ತಿಸಲು ಹೋದೆ. ಮುಂದಿನ ರವಿವಾರ ಬಂದು ಅಳೆಯುತ್ತೇನೆ ಎಂದೆ. "ಬರ್ರಿ," ಎಂದ. "ಅದಕ್ಕೂ ಮೊದಲ ಸಾವಕಾರ್ರನ್ನ ಕೇಳಿ, ಖಾಲಿ ಗಾಡಿ ತಗೊಂಡು ಹುಕ್ಕೇರಿತನ ಒಮ್ಮಿ ಹೋಗಿ ಬರತೇನಿ. ಹಾದಿ ಹೆಂಗೈತಿ ನೋಡಬೇಕು."

ರೈಲು ಹೊರಟಿತು. ಅವನು ಬಾಗಿಲಲ್ಲಿಯೇ ನಿಂತಿದ್ದ. ಗೋಕಾಕದ ಕಡೆಗೆ ಮುಖ ಮಾಡಿ, ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಕೈಯಿಂದ ಕನ್ನಡಕವನ್ನು ಗಾಳಿಗೆ ಬೀಳದಂತೆ ಒತ್ತಿ ಹಿಡಿದಿದ್ದ.